ಬಂದರು ನಿಲ್ಲಿಸಿದ ವೈರಸ್: ಅದು ಯುದ್ಧವೇ? ನಷ್ಟ ಯಾರ ಹತ್ತಿರ ಕೇಳೋದು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕುಂದಾಪುರ ಕಡೆಯವನು, ಇಪ್ಪತ್ತು ವರ್ಷ ದಾಟಿತು ನವಿ ಮುಂಬೈಗೆ ಬಂದು, ಕ್ಲಿಯರಿಂಗ್ ಏಜೆಂಟ್ ಕೆಲಸ. 2017ರ ಜೂನ್ ಕೊನೆಯಲ್ಲಿ ಬಂದರಿನ ಒಂದು ಟರ್ಮಿನಲ್‌ನ ಕಂಪ್ಯೂಟರುಗಳೆಲ್ಲ ಮಲಗಿಬಿಟ್ಟವು. ನಮ್ಮ ಎರಡು ಕಂಟೇನರ್ ಗಾರ್ಮೆಂಟ್ಸ್ ಗೇಟಿನ ಹೊರಗೇ ನಿಂತವು. ಸರಕು ಒಳಗೆ ಹೋಗಬೇಕಾದ ಕಟ್-ಆಫ್ ಟೈಮ್ ತಪ್ಪಿತು, ಹಡಗು ಹೋಯಿತು. ಟ್ರೇಲರ್‌ನವರು ಕಾಯಿಸಿದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಕೇಳಿದರು, ಪಾರ್ಟಿ ಡಿಸ್ಕೌಂಟ್ ಕೇಳಿದ, ಎರಡೂ ನನ್ನ ಕೈಯಿಂದ ಹೋಯಿತು. ಆಮೇಲೆ ಓದಿದೆ, ಅದು ರಷ್ಯಾ ಸೇನೆಯವರು ಉಕ್ರೇನ್ ಮೇಲೆ ಬಿಟ್ಟ ವೈರಸ್ ಅಂತೆ. ಒಂದು ದೇಶದ ಸೈನ್ಯ ನಮ್ಮ ಬಂದರು ನಿಲ್ಲಿಸಿದರೆ ಅದು ಯುದ್ಧ ಅಲ್ವಾ? ನಮ್ಮ ಸರ್ಕಾರ ಯಾಕೆ ಸುಮ್ಮನಿತ್ತು? ಇಂಟರ್ನೆಟ್‌ಗೆ ಕಾನೂನೇ ಇಲ್ಲ ಅಂತ ಕೆಲವರು, ಟ್ಯಾಲಿನ್ ಮ್ಯಾನ್ಯುಯಲ್ ಅಂತ ಒಂದು ಕಾನೂನಿದೆ ಅಂತ ಇನ್ನು ಕೆಲವರು. ಐಟಿಯಲ್ಲಿರುವ ನನ್ನ ತಂಗಿ ಮಗ, "ಮಾವ, ತಿರುಗಿಸಿ ಹ್ಯಾಕ್ ಮಾಡೋದೊಂದೇ ದಾರಿ" ಅನ್ನುತ್ತಾನೆ. ಈಗ ಸೈಬರ್ ಇನ್ಶೂರೆನ್ಸ್ ಮಾಡಿಸೋಣ ಅಂದರೆ ಯುದ್ಧಕ್ಕೆ ದುಡ್ಡಿಲ್ಲ, ಸರ್ಕಾರಗಳು ಮಾಡಿಸುವ ಸೈಬರ್ ದಾಳಿಗೂ ದುಡ್ಡಿಲ್ಲ ಅಂತ ಬರೆದಿದ್ದಾರೆ. ಆ ಪುಟದ ಫೋಟೋ ಕಳಿಸಿದ್ದೇನೆ. ನಮ್ಮಂಥವರು ಯಾರ ಹತ್ತಿರ ಹೋಗಬೇಕು?

ಉತ್ತರ: ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ "ಯುದ್ಧ" ಅನ್ನೋ ಪದ ಎರಡು ಕಡೆ ಬಂದಿದೆ. ಒಂದು ಕಡೆ, ಅದನ್ನು ಯುದ್ಧ ಅನ್ನಬೇಕು ಅಂತ ನಿಮ್ಮ ಸಿಟ್ಟು. ಇನ್ನೊಂದು ಕಡೆ, ಯುದ್ಧ ಅಂದರೆ ದುಡ್ಡಿಲ್ಲ ಅಂತ ನಿಮ್ಮ ಪಾಲಿಸಿ. ಅಂದರೆ ನಿಮ್ಮ ಆಸೆ ಈಡೇರಿದರೆ ನಿಮ್ಮ ಕ್ಲೇಮು ಮುಳುಗುತ್ತೆ! ಈ ಗಂಟನ್ನು ಬಿಡಿಸಿದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ.

ನಡೆದದ್ದು ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಉಕ್ರೇನಿನಲ್ಲಿ ಎಂ.ಇ.ಡಾಕ್ ಅಂತ ಒಂದು ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಇದೆ. ನಮ್ಮಲ್ಲಿ ಟ್ಯಾಲಿ ಇದ್ದಂತೆ, ಅಲ್ಲಿ ವ್ಯಾಪಾರ ಮಾಡುವವರಲ್ಲಿ ಬಹಳ ಜನ ಅದನ್ನು ಬಳಸುತ್ತಿದ್ದರು. ಅದರ ಅಪ್‌ಡೇಟ್ ಒಳಗೇ ಹುಳ, ಅಂದರೆ ನೀವು ಹೇಳಿದ ವೈರಸ್, ಸೇರಿಸಿ 2017ರ ಜೂನ್ 27ರಂದು ಬಿಟ್ಟರು. ಮಾರನೇ ದಿನ ಉಕ್ರೇನಿನ ಸಂವಿಧಾನ ದಿನ, ರಜೆ. ಹುಳಕ್ಕೆ ನಾಟ್‌ಪೆಟ್ಯಾ ಅಂತ ಹೆಸರು ಬಿತ್ತು. ಪರದೆ ಮೇಲೆ 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ತೋರಿಸುತ್ತಿತ್ತು. ಆದರೆ ಕೊಟ್ಟರೂ ಏನೂ ವಾಪಸ್ ಬರುತ್ತಿರಲಿಲ್ಲ, ಅದು ಸುಲಿಗೆ ವೇಷದಲ್ಲಿದ್ದ ಅಳಿಸುವ ಯಂತ್ರ. ಉಕ್ರೇನಿನಲ್ಲಿ ಕಚೇರಿ ಇದ್ದ ವಿದೇಶಿ ಕಂಪನಿಗಳ ಒಳಗಿನ ನೆಟ್‌ವರ್ಕ್ ಹಿಡಿದು ಅದು ಊರೂರು ಸುತ್ತಿತು. ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿ 45,000 ಕಂಪ್ಯೂಟರ್, 4,000 ಸರ್ವರ್‌ಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. 25ರಿಂದ 30 ಕೋಟಿ ಡಾಲರ್ ನಷ್ಟ ಅಂತ ಕಂಪನಿಯೇ ಹೇಳಿತು. ಅದೇ ಗುಂಪಿನ ಕಂಪನಿ ನಡೆಸುವ, ನಿಮ್ಮ ನಾವಾ ಶೇವಾ ಬಂದರಿನ ಟರ್ಮಿನಲ್ಲೂ ಏಟು ತಿಂದಿತು, ಆಗ ಸರ್ಕಾರವೇ ಅದನ್ನು ಹೇಳಿತ್ತು. ಅಮೆರಿಕದ ಶ್ವೇತಭವನ ಕೊಟ್ಟ ಒಟ್ಟು ಅಂದಾಜು 1,000 ಕೋಟಿ ಡಾಲರ್. ಎರಡು ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಕುತ್ತು ಅಂತಾರಲ್ಲ, ನೀವು ಆ ಗಿಡ.

ಈಗ "ಇಂಟರ್ನೆಟ್‌ಗೆ ಕಾನೂನೇ ಇಲ್ಲ" ಅನ್ನೋ ಮಾತು. ಇದು ಸುಳ್ಳು. 2013ರಲ್ಲೇ ವಿಶ್ವಸಂಸ್ಥೆಯ ಸರ್ಕಾರಿ ತಜ್ಞರ ಗುಂಪೊಂದು, ವಿಶ್ವಸಂಸ್ಥೆಯ ಸನ್ನದು ಸೇರಿದಂತೆ ಈಗಿರುವ ಅಂತಾರಾಷ್ಟ್ರೀಯ ಕಾನೂನು ಇಲ್ಲಿಗೂ ಅನ್ವಯಿಸುತ್ತೆ ಅಂತ ಒಪ್ಪಿತು. ಆ ಗುಂಪಿನಲ್ಲಿ ಅಮೆರಿಕ, ರಷ್ಯಾ, ಚೀನಾ, ಭಾರತ ಎಲ್ಲ ಇದ್ದವು. ಅದಕ್ಕೂ ಹಿಂದೆ, 1996ರಲ್ಲಿ, ಅಣ್ವಸ್ತ್ರದ ವಿಷಯದಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿತ್ತು: ಬಲಪ್ರಯೋಗದ ನಿಯಮ ಆಯುಧ ಯಾವುದು ಅಂತ ನೋಡಲ್ಲ, ಯಾವ ಆಯುಧಕ್ಕೂ ಅದು ಒಂದೇ. ಹಾಗಾಗಿ ಕೋಡ್ ಬರೆದು ಕೊಂದರೂ ಕೊಲೆಯೇ.

ಟ್ಯಾಲಿನ್ ಮ್ಯಾನ್ಯುಯಲ್ ಕಾನೂನು ಅನ್ನೋದೂ ತಪ್ಪು. ಎಸ್ಟೋನಿಯಾದ ಟ್ಯಾಲಿನ್ ಊರಲ್ಲಿ ನ್ಯಾಟೋಗೆ ಸೇರಿದ ಒಂದು ಕೇಂದ್ರವಿದೆ. ಆ ಕೇಂದ್ರ ಕರೆಸಿದ ತಜ್ಞರು ತಮ್ಮ ತಮ್ಮ ಅಭಿಪ್ರಾಯವಾಗಿ ಬರೆದ ಪುಸ್ತಕ ಅದು. 2013ರಲ್ಲಿ ಒಂದು, 2017ರಲ್ಲಿ ಎರಡನೆಯದು, ಅದರಲ್ಲಿ 154 ನಿಯಮ. ಒಳ್ಳೆಯ ಪುಸ್ತಕ, ನನ್ನ ಮೇಜಿನ ಮೇಲಿರುವ ಪ್ರತಿ ಬೆನ್ನು ಹರಿದು ಟೇಪು ಹಚ್ಚಿಸಿಕೊಂಡಿದೆ. ಆದರೆ ಯಾವ ದೇಶವೂ ಅದಕ್ಕೆ ಸಹಿ ಹಾಕಿಲ್ಲ. ಜಾಸ್ತಿ ಕಡೆ "ನಮ್ಮಲ್ಲಿ ಬಹುಮತ ಹೀಗೆ, ಕೆಲವರು ಹಾಗೆ" ಅಂತ ಅವರೇ ಬರೆದುಕೊಂಡಿದ್ದಾರೆ.

ಸರಿ, ಹಾಗಾದರೆ ಬಂದರು ನಿಂತದ್ದು ಯುದ್ಧವೇ? ಅಂತಾರಾಷ್ಟ್ರೀಯ ಕಾನೂನಿನಲ್ಲಿ ನಾವು ಯುದ್ಧ ಅನ್ನೋ ಪದವನ್ನೇ ಅಷ್ಟಾಗಿ ಬಳಸಲ್ಲ. ಅಲ್ಲಿ ಮೆಟ್ಟಿಲುಗಳಿವೆ. ತುದಿಯಲ್ಲಿ "ಸಶಸ್ತ್ರ ದಾಳಿ", ಸನ್ನದಿನ 51ನೇ ವಿಧಿ. ಅಷ್ಟು ದೂರ ಹೋದರೆ ಮಾತ್ರ ಪೆಟ್ಟು ತಿಂದ ದೇಶ ಆತ್ಮರಕ್ಷಣೆಗೆ ಅಂತ ಬಂದೂಕು ಎತ್ತಬಹುದು. ಅದರ ಕೆಳಗೆ "ಬಲಪ್ರಯೋಗ", 2(4)ನೇ ವಿಧಿ. ಅದು ಅಪರಾಧ, ಆದರೆ ಬಂದೂಕು ಎತ್ತುವಷ್ಟಲ್ಲ. ಇನ್ನೂ ಕೆಳಗೆ ಬೇರೆ ದೇಶದ ಒಳ ವಿಷಯದಲ್ಲಿ ಬಲವಂತದ ಹಸ್ತಕ್ಷೇಪ, ಸಾರ್ವಭೌಮತ್ವದ ಉಲ್ಲಂಘನೆ. ತೀರಾ ಕೆಳಗೆ ಬೇಹುಗಾರಿಕೆಯಂಥದ್ದು. ಅದನ್ನು ಎಲ್ಲರೂ ಬೈಯುತ್ತಾರೆ, ಎಲ್ಲರೂ ಮಾಡುತ್ತಾರೆ.

ಬಂದರಿನ ಉದಾಹರಣೆಯೇ ತಗೊಳ್ಳಿ, ಯಾಕೆಂದರೆ ಬಂದರು ನಿಲ್ಲಿಸಿದ ಒಂದು ಹಳೇ ಕೇಸು ಇದೆ. 1984ರಲ್ಲಿ ಅಮೆರಿಕ ನಿಕರಾಗುವಾ ದೇಶದ ಬಂದರುಗಳಲ್ಲಿ ಗುಟ್ಟಾಗಿ ನೀರಿನ ಮೈನ್ ಹಾಕಿಸಿತು. ಹಡಗುಗಳಿಗೆ ಪೆಟ್ಟಾಯಿತು. ನಿಕರಾಗುವಾ ಹೇಗ್‌ಗೆ ಹೋಯಿತು. ನ್ಯಾಯಾಲಯ ಮೈನ್ ಹಾಕಿದ್ದು ಬಲಪ್ರಯೋಗ, ತಪ್ಪು ಅಂತ ತೀರ್ಪು ಕೊಟ್ಟಿತು. ಅಲ್ಲಿನ ಸರ್ಕಾರದ ವಿರುದ್ಧ ಕಾದಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಬಂದೂಕು, ತರಬೇತಿ ಕೊಟ್ಟದ್ದೂ ಬಲಪ್ರಯೋಗವೇ. ಆದರೆ ಬಂಡುಕೋರರಿಗೆ ಬರೀ ಬಂದೂಕು ಒದಗಿಸಿದರೆ ಅದು ಸಶಸ್ತ್ರ ದಾಳಿ ಆಗಲ್ಲ, ಅದಕ್ಕೆ ಇನ್ನೂ ಗಂಭೀರವಾದ ಏಟು ಬೇಕು ಅಂದಿತು. ಆ ಮೆಟ್ಟಿಲುಗಳು ಗಟ್ಟಿಯಾಗಿದ್ದೇ ಈ ತೀರ್ಪಿನಿಂದ. ತಾರೀಕು ನೋಡಿ: 1986ರ ಜೂನ್ 27. ಸರಿಯಾಗಿ 31 ವರ್ಷದ ನಂತರ ಅದೇ ದಿನ ನಿಮ್ಮ ಟ್ರೇಲರ್ ನಿಲ್ಲಿಸಿದ ಹುಳ ಹೊರಟಿತು. ಕಾಕತಾಳೀಯ ಅಷ್ಟೇ, ಆದರೆ ಪಾಠ ಮಾಡುವಾಗ ನಾನು ಇದನ್ನು ಬಿಡಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಮೈನ್‌ನಿಂದ ಹಡಗು ಒಡೆಯಿತು. ನಾಟ್‌ಪೆಟ್ಯಾದಿಂದ ಹಡಗು ಒಡೆಯಲಿಲ್ಲ, ಕ್ರೇನ್ ಬೀಳಲಿಲ್ಲ, ಯಾರೂ ಸಾಯಲಿಲ್ಲ. ಹಾಳಾದದ್ದು ಯಾವ ಡಬ್ಬ ಎಲ್ಲಿದೆ, ಯಾವುದು ಯಾವ ಹಡಗಿಗೆ ಹೋಗಬೇಕು ಅನ್ನೋ ಪಟ್ಟಿ. ಪಟ್ಟಿ ಇಲ್ಲದೆ ಬಂದರಿಲ್ಲ ಅಂತ ನಿಮಗೆ ಗೊತ್ತು, ನನಗೂ ಗೊತ್ತು. ಆದರೆ ಕಾನೂನು ಹುಟ್ಟಿದ್ದು ಒಡೆದದ್ದನ್ನು, ಸತ್ತವರನ್ನು ಎಣಿಸಿ. ಸನ್ನದಿನ 41ನೇ ವಿಧಿ ತೆಗೆದು ನೋಡಿ: ಒಂದು ದೇಶದ ಅಂಚೆ, ತಂತಿ, ರೇಡಿಯೋ ಸಂಪರ್ಕ ಕಡಿಯುವುದನ್ನು 1945ರಲ್ಲೇ "ಸಶಸ್ತ್ರ ಬಲ ಬಳಸದ ಕ್ರಮ"ಗಳ ಸಾಲಿಗೆ ಹಾಕಿದ್ದಾರೆ. ಬರೀ ಸೇವೆ ನಿಂತರೆ ಅದು ಬಲಪ್ರಯೋಗ ಅಲ್ಲ ಅನ್ನುವವರು ಈ ಸಾಲನ್ನೇ ಹಿಡಿದು ನೇತಾಡುತ್ತಾರೆ. ಫ್ರಾನ್ಸ್‌ನಂಥ ಕೆಲವು ದೇಶಗಳು ಈಗ ಬೇರೆ ಮಾತಾಡುತ್ತಿವೆ, ಒಡೆಯದಿದ್ದರೂ ಪರಿಣಾಮ ದೊಡ್ಡದಾಗಿದ್ದರೆ ಬಲಪ್ರಯೋಗ ಆಗಬಹುದು ಅನ್ನುತ್ತಿವೆ. ಇರಾನಿನ ಅಣು ಕೇಂದ್ರ ನತಾಂಜ್‌ನಲ್ಲಿ ಸ್ಟಕ್ಸ್‌ನೆಟ್ ಹುಳ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗಳನ್ನು ನಿಜವಾಗಿ ಮುರಿದು ಹಾಕಿತು, 2010ರಲ್ಲಿ ಅದು ಬಯಲಾಯಿತು. ಅದನ್ನು ಬಲಪ್ರಯೋಗ ಅನ್ನಲು ಟ್ಯಾಲಿನ್ ತಜ್ಞರಿಗೆ ಕಷ್ಟವಾಗಲಿಲ್ಲ, ಸಶಸ್ತ್ರ ದಾಳಿಯೇ ಅನ್ನೋದರಲ್ಲಿ ಮಾತ್ರ ಜಗಳ ಬಿತ್ತು.

ಹಾಗಾಗಿ ನನ್ನ ನೇರ ಅಭಿಪ್ರಾಯ: ಭಾರತದ ಮಟ್ಟಿಗೆ ನಾಟ್‌ಪೆಟ್ಯಾ ಸಶಸ್ತ್ರ ದಾಳಿ ಖಂಡಿತ ಅಲ್ಲ. ಬಲಪ್ರಯೋಗ ಅನ್ನೋದೂ ಕಷ್ಟ. ಸಾರ್ವಭೌಮತ್ವದ ಉಲ್ಲಂಘನೆ ಅನ್ನಲು ಗಟ್ಟಿ ವಾದ ಇದೆ. ನಮ್ಮ ನೆಲದ ಮೇಲಿನ ಯಂತ್ರಗಳು ಕೆಲಸಕ್ಕೆ ಬಾರದ ಹಾಗೆ ಆದವು, ಎಲ್ಲ ಹೊಸದಾಗಿ ಕಟ್ಟಬೇಕಾಯಿತು. ಗುರಿ ಉಕ್ರೇನ್ ಇತ್ತು, ನಮಗೆ ಬಿದ್ದದ್ದು ಆಕಸ್ಮಿಕ ಅನ್ನೋದು ಪೂರ್ತಿ ಸಬೂಬು ಆಗಲ್ಲ. ಬೇಲಿ ಇಲ್ಲದೆ ಬೆಂಕಿ ಹಚ್ಚಿದವನು ಗಾಳಿಯನ್ನು ಬೈದರೆ ಯಾರು ಕೇಳುತ್ತಾರೆ? ಆದರೆ ಇಲ್ಲೂ ಒಂದು ತೊಡಕು. 2018ರಲ್ಲಿ ಬ್ರಿಟನ್ನಿನ ಅಟಾರ್ನಿ ಜನರಲ್, ಸೈಬರ್ ವಿಷಯದಲ್ಲಿ "ಸಾರ್ವಭೌಮತ್ವ ಉಲ್ಲಂಘನೆ" ಅಂತ ಬೇರೆಯೇ ಒಂದು ನಿಯಮ ಇದೆ ಅಂತ ತಾವು ಒಪ್ಪಲ್ಲ ಅಂದರು. 2019ರಲ್ಲಿ ಫ್ರಾನ್ಸ್ ಇದೆ ಅಂದಿತು. 2024ರಲ್ಲಿ ಆಫ್ರಿಕನ್ ಒಕ್ಕೂಟ ಕೂಡ ಇದೆ ಅಂದಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತೆ, ಆದರೆ ತೀರ್ಪು ಕೊಟ್ಟ ಕೋರ್ಟು ಇನ್ನೂ ಇಲ್ಲ.

"ಯಾರು ಮಾಡಿದ್ದು" ಅನ್ನೋದು ಮುಂದಿನ ತಲೆನೋವು. ಕಾನೂನಿನಲ್ಲಿ ಇದು ಎರಡು ಪ್ರಶ್ನೆ. ಯಾವ ಕೈ ಮಾಡಿದ್ದು, ಆ ಕೈ ಯಾವ ದೇಶದ್ದು. ಬಾಡಿಗೆ ಹ್ಯಾಕರ್ ಆದರೆ ಅವನ ಮೇಲೆ ಸರ್ಕಾರದ ನಿಜವಾದ ಹಿಡಿತ ಇತ್ತು ಅಂತ ತೋರಿಸಬೇಕು, ಅದೂ ನಿಕರಾಗುವಾ ತೀರ್ಪಿನದೇ ಪಟ್ಟು. ಸಮವಸ್ತ್ರದ ನೌಕರ ಆದರೆ ಆ ಗೋಳಿಲ್ಲ, ಅವನು ಮಾಡಿದ್ದು ನೇರ ಸರ್ಕಾರದ ತಲೆಗೆ. 2018ರ ಫೆಬ್ರವರಿಯಲ್ಲಿ ಬ್ರಿಟನ್, ಅಮೆರಿಕ ಮತ್ತು ಇನ್ನೂ ಕೆಲವು ದೇಶಗಳು ನಾಟ್‌ಪೆಟ್ಯಾ ರಷ್ಯಾ ಸೇನೆಯದ್ದು ಅಂದವು. 2020ರ ಅಕ್ಟೋಬರಿನಲ್ಲಿ ಅಮೆರಿಕ, ರಷ್ಯಾದ ಸೇನಾ ಬೇಹು ಸಂಸ್ಥೆ ಜಿಆರ್‌ಯುನ 74455 ಘಟಕದ ಆರು ಅಧಿಕಾರಿಗಳ ಮೇಲೆ ಆರೋಪಪಟ್ಟಿ ಹಾಕಿತು. ರಷ್ಯಾ ಒಪ್ಪಿಲ್ಲ, ಅದರ ಸ್ವಂತ ಕಂಪನಿ ರೋಸ್‌ನೆಫ್ಟ್‌ಗೂ ಏಟು ಬಿದ್ದಿತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಫೆಬ್ರವರಿಯ ಆ ಹೇಳಿಕೆಗಳಲ್ಲಿ "ಬೇಜವಾಬ್ದಾರಿ", "ವಿವೇಚನೆ ಇಲ್ಲದ್ದು" ಅಂತೆಲ್ಲ ಬೈಗುಳ ಇತ್ತು. ಅಂತಾರಾಷ್ಟ್ರೀಯ ಕಾನೂನಿನ ಇಂಥ ನಿಯಮ ಮುರಿದಿದೆ ಅಂತ ಬೆರಳಿಟ್ಟು ತೋರಿಸಿದ್ದು ಇರಲಿಲ್ಲ. ಮರೆತು ಬಿಟ್ಟದ್ದಲ್ಲ ಅದು. ನಿಯಮದ ಗೆರೆ ಇಲ್ಲಿದೆ ಅಂತ ಇವತ್ತು ಎಳೆದರೆ, ನಾಳೆ ತಮ್ಮ ಬೇಹುಗಾರರೂ ಆ ಗೆರೆಯೊಳಗೆ ನಿಲ್ಲಬೇಕಲ್ಲ. ಅಂದಹಾಗೆ, ಈ ಹುಳ ಹರಡಲು ಬಳಸಿದ ಬಾಗಿಲುಗಳಲ್ಲಿ ಒಂದು, ಎಟರ್ನಲ್‌ಬ್ಲೂ, ಅಮೆರಿಕದ ಬೇಹು ಸಂಸ್ಥೆ ಎನ್‌ಎಸ್‌ಎಯಿಂದಲೇ ಸೋರಿಹೋಗಿದ್ದು.

ನಮ್ಮ ಸರ್ಕಾರ ಯಾಕೆ ಸುಮ್ಮನಿತ್ತು ಅಂದಿರಿ. ಹೆಸರು ಹೇಳಿದವರ ಸಾಲಿನಲ್ಲಿ ಭಾರತ ಇರಲಿಲ್ಲ, ನಿಜ. ಸಾಕ್ಷಿ ಬೇರೆಯವರ ಕೈಯಲ್ಲಿತ್ತು, ಎದುರಿಗಿದ್ದದ್ದು ಹಳೇ ಸ್ನೇಹಿತ, ನಷ್ಟ ಖಾಸಗಿಯವರದು. ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಬಾಯಿ ಬಿಡುತ್ತಿದ್ದೆನಾ ಅನ್ನೋದು ಅನುಮಾನ. ಜೊತೆಗೆ ಹೆಸರು ಹೇಳೋದು ಎಷ್ಟು ಜಾರುವ ಕೆಲಸ ಅಂತ ನೀವು ಮುಂಬೈಯಲ್ಲೇ ನೋಡಿದ್ದೀರಿ. 2020ರ ಅಕ್ಟೋಬರ್ 12ರಂದು ಕರೆಂಟ್ ಹೋಯಿತಲ್ಲ, ಆಮೇಲೆ ಚೀನಾ ಕೈವಾಡ ಅಂತ ಸುದ್ದಿ ಎದ್ದಾಗ ಮಹಾರಾಷ್ಟ್ರದ ಗೃಹ ಸಚಿವರು ಸೈಬರ್ ವಿಧ್ವಂಸಕ ಕೃತ್ಯ ಅಂದರು, ಕೇಂದ್ರದ ಇಂಧನ ಸಚಿವರು ಮನುಷ್ಯರ ತಪ್ಪು ಅಂದರು. ಒಂದೇ ದೇಶ, ಒಂದೇ ಕತ್ತಲೆ, ಎರಡು ಮಾತು. ಇದನ್ನು ತಗೊಂಡು ಹೇಗ್‌ಗೆ ಹೋಗೋದು ಹೇಗೆ?

ಹೋಗುತ್ತೇವೆ ಅಂದರೂ ಬಾಗಿಲು ಸುಲಭಕ್ಕೆ ತೆರೆಯಲ್ಲ. ಎರಡೂ ದೇಶ ಒಪ್ಪಿದರೆ ಮಾತ್ರ ಆ ಕೋರ್ಟು ಕೂರುತ್ತೆ. ರಷ್ಯಾ, ಚೀನಾ ಅದರ ಕಡ್ಡಾಯ ಅಧಿಕಾರವನ್ನು ಒಪ್ಪಿಲ್ಲ. ನಾವು ಒಪ್ಪಿದ್ದೇವೆ, ಆದರೆ ಸಶಸ್ತ್ರ ಸಂಘರ್ಷ, ಆತ್ಮರಕ್ಷಣೆಯಂಥ ವಿಷಯ ಬೇಡ, ಕಾಮನ್‌ವೆಲ್ತ್ ದೇಶಗಳ ಜೊತೆಗಿನ ಜಗಳ ಬೇಡ ಅಂತ ಷರತ್ತು ಹಾಕಿಕೊಂಡು. ಪಾಕಿಸ್ತಾನ ತನ್ನ ವಿಮಾನ ಹೊಡೆದುರುಳಿಸಿದರು ಅಂತ ನಮ್ಮ ಮೇಲೆ ಹಾಕಿದ ಕೇಸು 2000ದಲ್ಲಿ ಈ ಕಾಮನ್‌ವೆಲ್ತ್ ಷರತ್ತಿಗೇ ಬಿದ್ದುಹೋಯಿತು. ಗೆದ್ದರೂ ದುಡ್ಡು ಬರುತ್ತಾ? ನಿಕರಾಗುವಾ ಗೆದ್ದಿತ್ತು. ತೀರ್ಪು ಜಾರಿ ಮಾಡಿ ಅಂತ ಭದ್ರತಾ ಮಂಡಳಿಗೆ ಹೋದರೆ ಅಮೆರಿಕ ವೀಟೋ ಹಾಕಿತು, 1991ರಲ್ಲಿ ನಿಕರಾಗುವಾ ಕೇಸನ್ನೇ ವಾಪಸ್ ತಗೊಂಡಿತು.

ಕೋರ್ಟ್ ಬಿಟ್ಟರೆ ದೇಶಗಳಿಗೆ ಇರುವ ದಾರಿ ಎರಡು. ಒಂದು, ಕಾನೂನಿನ ಒಳಗೇ ಮುಖ ತಿರುಗಿಸುವುದು. 2022ರ ಜುಲೈಯಲ್ಲಿ ಅಲ್ಬೇನಿಯಾದ ಸರ್ಕಾರಿ ಪೋರ್ಟಲ್‌ಗಳು ಬಿದ್ದವು. ಪ್ರಧಾನಿ ಎಡಿ ರಾಮ ಸೆಪ್ಟೆಂಬರ್ 7ರಂದು ಇರಾನ್ ಮಾಡಿಸಿದ್ದು ಅಂತ ಹೇಳಿ, ರಾಯಭಾರ ಕಚೇರಿಯವರಿಗೆ 24 ಗಂಟೆಯಲ್ಲಿ ಜಾಗ ಖಾಲಿ ಮಾಡಿ ಅಂದರು. ಎರಡನೆಯದು, ಪ್ರತಿಕ್ರಮ: ನೀನು ಮುರಿದೆ, ನಿಲ್ಲಿಸುವವರೆಗೆ ನಿನಗೆ ಕೊಡಬೇಕಾದ ಒಂದು ಬಾಧ್ಯತೆಯನ್ನು ನಾನೂ ತಡೆಹಿಡಿಯುತ್ತೇನೆ ಅನ್ನೋದು. ಬಲ ಬಳಸುವಂತಿಲ್ಲ, ಏಟಿಗೆ ತಕ್ಕಷ್ಟೇ ಇರಬೇಕು, ದಾರಿಗೆ ತರಲಿಕ್ಕೆ ಮಾತ್ರ, ಸೇಡಿಗಲ್ಲ. ಅಪಾಯ ಏನು ಗೊತ್ತಾ? ತಪ್ಪು ದೇಶದ ಮೇಲೆ ಹಾಕಿದರೆ ಆಗ ನೀವೇ ಅಪರಾಧಿ. ಪ್ರಾಮಾಣಿಕವಾಗಿ ಎಡವಿದೆ ಅಂದರೆ ಮಾಫಿ ಇಲ್ಲ.

ನೋಡಿ, ಇದೆಲ್ಲ ದೇಶಗಳ ಆಟ. ನಿಮ್ಮ ತಂಗಿ ಮಗನಿಗೆ ಇದರಲ್ಲಿ ಯಾವ ಹಕ್ಕೂ ಇಲ್ಲ. ಪ್ರತಿಕ್ರಮ ದೇಶದ್ದು, ಕ್ಲಿಯರಿಂಗ್ ಏಜೆಂಟ್‌ದಲ್ಲ. ಅವನು ಯಾರದ್ದೋ ಸರ್ವರ್ ಒಳಗೆ ನುಗ್ಗಿದರೆ ನಮ್ಮದೇ ಐಟಿ ಕಾಯ್ದೆಯ 66ನೇ ಕಲಂ ಕೆಳಗೆ ಮೂರು ವರ್ಷದವರೆಗೆ ಜೈಲು ಇದೆ. ಅವನು ನುಗ್ಗಿದ ಸರ್ವರ್ ಯಾವುದೋ ಮೂರನೇ ಊರಿನ ಆಸ್ಪತ್ರೆಯದ್ದು ಅಂತ ಆಮೇಲೆ ಗೊತ್ತಾಗಬಹುದು. ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ. ನೀವಾಗಿಯೇ ರಷ್ಯಾ ಮೇಲೆ ಇಲ್ಲಿ ದಾವೆ ಹಾಕೋಣ ಅಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಸಿಗುತ್ತೆ ಅಂತ ನಂಬಿಕೊಂಡು ಫೀಸು ಕಟ್ಟಬೇಡಿ.

ಉಳಿದದ್ದು ಇನ್ಶೂರೆನ್ಸ್, ಮತ್ತು ನಿಜವಾದ ಕಾದಾಟ ನಡೆದದ್ದೂ ಅಲ್ಲೇ. ಔಷಧ ಕಂಪನಿ ಮರ್ಕ್ ನಾಟ್‌ಪೆಟ್ಯಾದಿಂದ 140 ಕೋಟಿ ಡಾಲರ್ ಕ್ಲೇಮು ಹಾಕಿತು. ವಿಮೆಯವರು, ಇದು ಒಂದು ಸರ್ಕಾರದ ಯುದ್ಧದಂಥ ಕೃತ್ಯ, ಪಾಲಿಸಿಯಲ್ಲಿ ಅದಕ್ಕೆ ದುಡ್ಡಿಲ್ಲ ಅಂದರು. ನ್ಯೂಜೆರ್ಸಿಯ ಕೋರ್ಟು ಒಪ್ಪಲಿಲ್ಲ. ಆ ಮಾತಿಗೆ ಹಿಂದಿನಿಂದ ಇರುವ ಅರ್ಥ ಸೈನ್ಯ ನುಗ್ಗುವಂಥ ಹಗೆತನ, ಸೈಬರ್ ದಾಳಿ ಹೊರಗಿಡಬೇಕು ಅಂತಿದ್ದರೆ ಹಾಗೇ ಬರೆಯಬೇಕಿತ್ತು ಅಂದಿತು. 2023ರ ಮೇ 1ರಂದು ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು, 2024ರ ಶುರುವಿನಲ್ಲಿ ರಾಜಿ ಆಯಿತು. ಬಿಸ್ಕತ್ತಿನ ಮಾಂಡೆಲೀಜ್ ಕಂಪನಿ ಹತ್ತು ಕೋಟಿ ಡಾಲರಿಗೆ ಹಾಕಿದ್ದ ಇಂಥದ್ದೇ ಕೇಸೂ 2022ರಲ್ಲಿ ರಾಜಿಯಾಯಿತು. ಅಂದರೆ ಸರ್ಕಾರಗಳು ಯುದ್ಧ ಅನ್ನದೇ ಇದ್ದದ್ದು ಇವರಿಗೆ ಒಳ್ಳೆಯದೇ ಆಯಿತು.

ವಿಮೆಯವರು ಸುಮ್ನೆ ಕೂರುತ್ತಾರಾ? 2022ರಲ್ಲಿ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆ, 2023ರ ಮಾರ್ಚ್ 31ರಿಂದ ಹೊಸ ಸೈಬರ್ ಪಾಲಿಸಿಗಳಲ್ಲಿ ಸರ್ಕಾರಗಳ ಬೆಂಬಲದ ದಾಳಿಯನ್ನು ಹೊರಗಿಡಿ ಅಂತ ಹೇಳಿತು. ನಿಮ್ಮ ಫೋಟೋದಲ್ಲಿರುವ ಸಾಲುಗಳ ಧಾಟಿ ಅದೇ. ಇಂಥ ಕಲಂ ಹಿಡಿದುಕೊಂಡು ನನ್ನ ಹತ್ತಿರ ಬರುವ ರಫ್ತುದಾರರಿಗೆ ನಾನು ಕೇಳಿಸುವುದು ಎರಡು ವಿಷಯ, ಎರಡನ್ನೂ ಬ್ರೋಕರ್ ಹತ್ತಿರ ಬಾಯಲ್ಲಿ ಅಲ್ಲ, ಮೇಲ್‌ನಲ್ಲಿ ಕೇಳಿ. ದಾಳಿ ಒಂದು ದೇಶದ್ದು ಅಂತ ತೀರ್ಮಾನಿಸುವವರು ಯಾರು? ಯಾವುದೋ ಸರ್ಕಾರದ ಪತ್ರಿಕಾ ಹೇಳಿಕೆ ಸಾಕಾ, ಅಥವಾ ವಿಮೆಯವರೇ ಸಾಬೀತು ಮಾಡಬೇಕಾ? ಆಮೇಲೆ, ಗುರಿ ಬೇರೆಯವರಾಗಿದ್ದು ನಿಮಗೆ ಬರೀ ಸಿಡಿತ ತಾಗಿದರೆ ರಕ್ಷಣೆ ಉಳಿಯುತ್ತಾ? ಕೆಲವು ಮಾದರಿ ಕಲಂಗಳಲ್ಲಿ ಪಕ್ಕದಲ್ಲಿ ನಿಂತವರಿಗೆ ಅಂತಲೇ ಒಂದು ವಿನಾಯಿತಿ ಇದೆ, ಅದನ್ನು ಸೇರಿಸಿ ಕೊಡಿ ಅಂತ ಕೇಳಿ. ಪ್ರೀಮಿಯಂ ಸ್ವಲ್ಪ ಏರಬಹುದು. ನಿಮ್ಮ ಆಫೀಸಿನ ಕಂಪ್ಯೂಟರ್ ಚೆನ್ನಾಗಿದ್ದು ಬಂದರಿನ ಕಂಪ್ಯೂಟರ್ ಬಿದ್ದರೆ ನಿಮಗಾಗುವ ನಷ್ಟ ಒಳಗಿದೆಯಾ ಅಂತಲೂ ನೋಡಿ, 2017ರಲ್ಲಿ ನಿಮಗಾದದ್ದು ಅದೇ ಅಲ್ವಾ. ನಿಮ್ಮದೇ ಸಿಸ್ಟಮ್ ಮೇಲೆ ದಾಳಿ ಆದರೆ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನದ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಅನ್ನೋ ದಾಖಲೆ, ಇಟ್ಟುಕೊಳ್ಳಬೇಕು, 2022ರಿಂದ ಈ ನಿಯಮ ಇದೆ. ಲಾಗ್ ಇಲ್ಲದ ಕ್ಲೇಮು ಬಿಲ್ ಆಫ್ ಲೇಡಿಂಗ್ ಇಲ್ಲದ ಸರಕಿನ ಹಾಗೆ, ನಿಮಗೆ ನಾನು ಹೇಳಬೇಕಾ.

2017ರ ಆ ಹಾಲ್ಟಿಂಗ್, ಡಿಸ್ಕೌಂಟ್ ದುಡ್ಡು ಮಾತ್ರ ಈಗ ವಾಪಸ್ ಬರಲ್ಲ. ವಸೂಲಿಗೆ ಸಾಮಾನ್ಯವಾಗಿ ಇರುವ ಮೂರು ವರ್ಷದ ಅವಧಿ ಯಾವತ್ತೋ ಮುಗಿದಿದೆ.

ಇನ್ನು ನೀವು ಕಳಿಸಿದ ಫೋಟೋ. ಪುಟ ಮಡಚಿದ ಜಾಗದಲ್ಲಿ ನಾಲ್ಕನೇ ಸಾಲಿನ ಒಂದು ಪದ ಸರಿಯಾಗಿ ಕಾಣುತ್ತಿಲ್ಲ. "ಒಂದು ದೇಶದ ಪರವಾಗಿ ನಡೆದ ಸೈಬರ್ ದಾಳಿ" ಅಂತಿದೆ, ಆಮೇಲೆ ಆ ಪದ, ಆಮೇಲೆ "ದೇಶದ ಅಗತ್ಯ ಸೇವೆಗಳಿಗೆ ಭಾರಿ ಧಕ್ಕೆ ಆಗಿದ್ದರೆ" ಅನ್ನೋ ಅರ್ಥದ ಮಾತು. ಆ ಪದ "ಮತ್ತು" ಆಗಿದ್ದರೆ ಎರಡೂ ಸೇರಿದಾಗ ಮಾತ್ರ ದುಡ್ಡಿಲ್ಲ, ನಿಮ್ಮಂಥ ನಷ್ಟಕ್ಕೆ ಜಾಗ ಉಳಿಯುತ್ತೆ. "ಅಥವಾ" ಆಗಿದ್ದರೆ ಯಾವುದೇ ಸರ್ಕಾರದ ಹೆಸರು ಕೇಳಿಬಂದ ಕೂಡಲೇ ಕೈ ಎತ್ತಿಬಿಡುತ್ತಾರೆ. ಕಾಗದ ಬಿಚ್ಚಿ ನೋಡಿ, ಸಹಿ ಆಮೇಲೆ ಹಾಕಿ.